ಉಪ್ಪು ಮುಟ್ಟದವನ ಋಣ

“ನಿಯಮ ತಪ್ಪದೆ ನಡೆದವನಿಗೂ ಪಾಪ ಅಂಟುತ್ತದೆಯೇ, ಗುರುಗಳೇ?”

ಕೇಳಿದವನು ಮರುಳಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಪೂಜೆಯ ಗಂಟೆ ಆಗುವ ಮೊದಲು ಯಾರ ಎಲೆಗೂ ಅನ್ನ ಬೀಳಬಾರದು ಎಂಬುದು ಆ ಮಠದ ನಿಯಮ. ಹಿಂದಿನ ದಿನ ಒಬ್ಬ ಮುದುಕಿ ಬಂದು ಒಂದು ಬಟ್ಟಲು ಗಂಜಿ ಕೇಳಿದ್ದಳು. ಮರುಳಯ್ಯ ಬೈಯಲಿಲ್ಲ, ಗದರಲಿಲ್ಲ. ನೆರಳಲ್ಲಿ ಕೂರಿಸಿ, ಗಂಟೆಯಾಗಲಿ ಅಜ್ಜಿ ಎಂದು ನಯವಾಗಿಯೇ ಹೇಳಿದ್ದ. ಅಂದು ಪೂಜೆ ತಡವಾಯಿತು. ಮುದುಕಿ ಎದ್ದು ಹೋದಳು. ಕೆರೆಯ ಮೆಟ್ಟಿಲ ಮೇಲೆ ಬಿದ್ದಿದ್ದವಳನ್ನು ಕುಂಬಾರರು ಹೊತ್ತುಕೊಂಡು ಹೋಗಿ ತಮ್ಮ ಮನೆಯಲ್ಲಿ ಮಲಗಿಸಿದ್ದರು. ಅವಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಪಾಪ ಪುಣ್ಯ ಅಳೆಯುವ ಕೋಲು ನನ್ನ ಹತ್ತಿರ ಇಲ್ಲ ತಮ್ಮಾ. ಒಂದು ಕತೆ ಇದೆ. ಕೂತುಕೋ,” ಎಂದರು. ಮರುಳಯ್ಯ ಕೂತ. ಗುರುಗಳು ಹೇಳತೊಡಗಿದರು.

ಹಿಂದೆ, ಗುಡ್ಡಕ್ಕೊಬ್ಬ ಪಾಳೆಯಗಾರ ಇದ್ದ ಕಾಲದಲ್ಲಿ, ಒಂದು ಗುಪ್ತ ಪಂಗಡವಿತ್ತು. ಕೊಲ್ಲುವುದೇ ಅವರ ಕಸುಬು. ಯಾರು ಕೊಲ್ಲಿಸುತ್ತಾರೆ, ಯಾಕೆ ಕೊಲ್ಲಿಸುತ್ತಾರೆ ಎಂಬುದು ಪಂಗಡದ ಹಿರಿಯನಿಗೆ ಮಾತ್ರ ಗೊತ್ತು. ಕೊಲ್ಲುವವನಿಗೆ ಮನೆ ಯಾವುದು, ಆಸಾಮಿ ಯಾರು ಎಂದಷ್ಟೇ ತಿಳಿಸುತ್ತಿದ್ದರು. ಇವರು ಕತ್ತಿ ಹಿಡಿದು ಗೋಡೆ ಹಾರುವ ಜನವಲ್ಲ. ಅಂಥ ಪುಂಡರು ಯಾವ ಸಂತೆಯಲ್ಲಿಯಾದರೂ ಸಿಗುತ್ತಾರೆ. ಇವರು ಕ್ಷೌರ ಮಾಡುವವರಾಗಿ, ಮದ್ದು ಅರೆಯುವವರಾಗಿ, ಮೈ ನೀವುವವರಾಗಿ ಮನೆಯೊಳಗೆ ಸೇರಿಕೊಳ್ಳುತ್ತಿದ್ದರು. ಮನೆಯವರು ನಂಬಿದ ಮೇಲೆ ಕೆಲಸ ಮುಗಿಸುತ್ತಿದ್ದರು. ಸತ್ತವನು ಆಯುಸ್ಸು ತೀರಿ ಸತ್ತ ಎಂದೇ ಊರು ತಿಳಿಯಬೇಕು, ಹಾಗೆ.

ನಿನಗೆ ನಗು ಬರಬಹುದು, ಇಂಥ ಜನಕ್ಕೂ ಒಂದು ನಿಯಮವಿತ್ತು. ಯಾವ ಮನೆಯಲ್ಲಿ ಕೆಲಸವೋ ಆ ಮನೆಯ ಉಪ್ಪು ನಾಲಿಗೆಗೆ ತಾಗಬಾರದು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ಅವರೂ ತಾಯಿಯ ಮಡಿಲಲ್ಲೇ ಕೇಳಿದ್ದರು ನೋಡು. ಕಸುಬು ಬಿಡಲಾರರು, ಆ ಮಾತನ್ನೂ ಮೀರಲಾರರು. ಕೊಲೆಗೆ ಅಂಜದವರು ಒಂದು ಚಿಟಿಕೆ ಉಪ್ಪಿಗೆ ಅಂಜಿದರು. ಕೊನೆಗೆ, ಉಪ್ಪಿಲ್ಲದ್ದನ್ನು ಉಂಡರೆ ಅದು ಉಂಡ ಹಾಗಲ್ಲ, ಋಣವೂ ಇಲ್ಲ ಎಂದು ತಮಗೆ ತಾವೇ ತೀರ್ಮಾನ ಮಾಡಿಕೊಂಡರು. ಹೊರಗಿನವರು ಕೇಳಿದರೆ ದೇವರ ಹರಕೆ ಎನ್ನುತ್ತಿದ್ದರು. ತಮ್ಮತಮ್ಮೊಳಗೆ ಸಪ್ಪೆಯವರು ಎಂದು ಕರೆದುಕೊಳ್ಳುತ್ತಿದ್ದರು.

ಅವರಲ್ಲಿ ಕೇತಯ್ಯ ಎಂಬವನು ಮೈ ನೀವುವ ಕಸುಬು ಕಲಿತವನು. ಅಪ್ಪ ಅಮ್ಮ ಇಲ್ಲದ ಅವನನ್ನು ಪಂಗಡವೇ ಸಾಕಿತ್ತು. ಅವನ ಬೆರಳು ತಾಗಿದರೆ ಎಂಥ ಹಳೆಯ ನೋವೂ ಇಳಿಯುತ್ತಿತ್ತು. ಅದೇ ಬೆರಳು ಕುತ್ತಿಗೆಯ ಒಂದು ಕಡೆ ಒತ್ತಿದರೆ ಮಲಗಿದವನು ಏಳುತ್ತಿರಲಿಲ್ಲ. ಹಲವು ಮನೆಗಳಲ್ಲಿ ಕೆಲಸ ಮುಗಿಸಿದ್ದ, ಒಂದರಲ್ಲಿಯೂ ಉಪ್ಪು ಮುಟ್ಟಿರಲಿಲ್ಲ. ಕೊಲೆಯಾದವರು ಕನಸಿನಲ್ಲಿ ಬಂದು ಕಾಡುತ್ತಾರೆ ಎಂದು ಜನ ಹೇಳುತ್ತಾರಲ್ಲ, ಅವನಿಗೆ ಯಾರೂ ಬಂದಿರಲಿಲ್ಲ. ಋಣ ಇದ್ದರೆ ತಾನೇ ಬರುವುದು ಎಂದು ಅವನು ನಂಬಿದ್ದ. ತಲೆ ದಿಂಬಿಗೆ ತಾಗಿದರೆ ಸಾಕು, ಗೊರಕೆ ಹೊಡೆಯುತ್ತಿದ್ದ.

ಒಂದು ಸಲ ಅವನನ್ನು ಘಟ್ಟದ ನಾಯಕನ ಮನೆಗೆ ಕಳಿಸಿದರು. ಎರಡು ಸೀಮೆಗಳ ನಡುವೆ ಇದ್ದ ಕಣಿವೆಯ ದಾರಿಯನ್ನು ಈ ನಾಯಕ ಕಾಯುತ್ತಿದ್ದ. ವಯಸ್ಸಾಗಿತ್ತು. ಹಿಂದೆ ಕುದುರೆಯಿಂದ ಬಿದ್ದ ಪೆಟ್ಟಿಗೆ ಬಲಭುಜ ಹಿಡಿದುಕೊಂಡು ಕೈ ಮೇಲೇಳುತ್ತಿರಲಿಲ್ಲ. ತನ್ನ ಪೇಟವನ್ನು ತಾನೇ ಸುತ್ತಿಕೊಳ್ಳಲು ಆಗುತ್ತಿರಲಿಲ್ಲ. ಹೆಂಡತಿ ನಾಗಲವ್ವ ಸುತ್ತಬೇಕು, ಅವಳು ಸುತ್ತಿದ್ದು ಇವನಿಗೆ ಹಿಡಿಸದು. ಬೆಳಗಾದರೆ ಗಂಡ ಹೆಂಡತಿಗೆ ಅದೇ ಜಗಳ. ಹಾಗಾಗಿ ಮೈ ನೀವುವವನು ಬಂದಿದ್ದಾನೆ ಎಂದಾಗ ನಾಯಕನಿಗಿಂತ ನಾಗಲವ್ವನಿಗೇ ಹೆಚ್ಚು ಸಮಾಧಾನವಾಯಿತು.

ಮೊದಲ ದಿನ ಊಟಕ್ಕೆ ಕರೆದರು. ಕೇತಯ್ಯ ಕಲಿತ ಪಾಠ ಒಪ್ಪಿಸಿದ. ವೀರಭದ್ರನಿಗೆ ಹರಕೆ ಹೊತ್ತಿದ್ದೇನೆ, ತೀರುವವರೆಗೆ ಉಪ್ಪು ಮುಟ್ಟುವಂತಿಲ್ಲ, ನನ್ನ ಗಂಜಿ ನಾನೇ ಒಂದು ಮೂಲೆಯಲ್ಲಿ ಕಾಯಿಸಿಕೊಳ್ಳುತ್ತೇನೆ ಎಂದ. ಬೇರೆ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಗಲಪ್ಪ ಎಂದು ಮೂಲೆ ತೋರಿಸುತ್ತಿದ್ದರು. ಈ ಮನೆಯ ಪದ್ಧತಿ ಬೇರೆಯಾಗಿತ್ತು. ಕುದುರೆಗೆ ಹುಲ್ಲು ಹಾಕುವವನಿಂದ ಹಿಡಿದು ನಾಯಕನವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು, ಎಲ್ಲರ ಎಲೆಗೂ ಒಂದೇ ಪಾತ್ರೆಯಿಂದ ಬಡಿಸಬೇಕು. ನಾಯಕ ಎಲೆಯ ಮೇಲಿಟ್ಟ ಕೈ ಹಿಂದಕ್ಕೆ ತೆಗೆದ.

“ಒಂದು ಪಂಕ್ತಿಗೆ ಎರಡು ಅಡುಗೆಯೇ? ಈ ಮನೆಯಲ್ಲಿ ಪಂಕ್ತಿಭೇದ ನಡೆದಿಲ್ಲ, ನಡೆಯುವುದೂ ಇಲ್ಲ. ಇವನ ಹರಕೆ ತೀರುವವರೆಗೆ ನಮ್ಮ ಪಾತ್ರೆಗೆ ಉಪ್ಪು ಬೀಳುವುದು ಬೇಡ.”

ನಾಗಲವ್ವ ಸುಮ್ಮನಿರುವ ಹೆಂಗಸಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ ಎಂದು ಕೇಳಿದಳು. ಬೇಕಾದವರ ಎಲೆಯ ತುದಿಗೆ ಬಡಿಸುತ್ತೇನೆ ಎಂದಳು. ಬೇಕಾದವರಿಗೆ ಬಡಿಸು, ನನಗೆ ಬೇಡ ಎಂದ ನಾಯಕ. ಗಂಡನ ಎಲೆಯಲ್ಲಿ ಇಲ್ಲದ್ದು ತನಗೇಕೆ ಎಂದು ಅವಳೂ ಬಿಟ್ಟಳು. ಹಟದಲ್ಲಿ ಒಬ್ಬರಿಗಿಂತ ಒಬ್ಬರು. ಆಳುಗಳು ಮೊದಮೊದಲು ಸೊಂಟದ ಗಂಟಿನಲ್ಲಿ ಉಪ್ಪು ಕಟ್ಟಿಕೊಂಡು ಬಂದು ಕದ್ದು ಉದುರಿಸಿಕೊಂಡರು. ನಾಯಕ ಮುಖ ಹಿಂಡಿಕೊಂಡು ಆ ಸಾರನ್ನೇ ನುಂಗುವುದನ್ನು ನೋಡಿ ನಾಚಿಕೆಯಾಗಿ ಅವರೂ ಬಿಟ್ಟರು.

ಕೇತಯ್ಯನಿಗೆ ಮೊದಲು ಇದು ತಮಾಷೆಯಾಗಿ ಕಂಡಿತು. ಆಮೇಲೆ ಕಿರಿಕಿರಿಯಾಯಿತು. ನಾಯಕ ಉಪ್ಪಿನಕಾಯಿ ಇಲ್ಲದೆ ಮಜ್ಜಿಗೆ ಅನ್ನ ಉಂಡವನಲ್ಲ. ಈಗ ಪ್ರತಿ ತುತ್ತಿಗೂ ನೀರು ಕುಡಿದು ಇಳಿಸುತ್ತಿದ್ದ. ಸಿಟ್ಟು ಮಾತ್ರ ಮಾಡಿಕೊಳ್ಳುತ್ತಿರಲಿಲ್ಲ. ನಿನ್ನ ವೀರಭದ್ರನ ಕೋಪ ಇನ್ನೂ ಇಳಿದಿಲ್ಲವೇನಪ್ಪಾ ಎಂದು ಪಕ್ಕದಲ್ಲಿ ಕೂತ ಕೇತಯ್ಯನನ್ನು ಛೇಡಿಸುತ್ತಿದ್ದ. ಕೇತಯ್ಯ ತಲೆ ತಗ್ಗಿಸಿ ಉಣ್ಣುತ್ತಿದ್ದ. ತಾನು ಆ ಮನೆಯಲ್ಲಿ ಏನನ್ನೂ ತೆಗೆದುಕೊಂಡಿಲ್ಲ ಎಂದು ತಿಳಿದಿದ್ದ. ಅವರು ತನಗಾಗಿ ಏನನ್ನೋ ಬಿಟ್ಟುಕೂತಿದ್ದಾರಲ್ಲ, ಅದು ಯಾವ ಬಾಬ್ತಿಗೆ ಸೇರುತ್ತದೆ? ಪಂಗಡದಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ. ಅವನಿಗೆ ನಿದ್ದೆ ಕೆಟ್ಟಿತು.

ಎಣ್ಣೆ ತರುವ ನೆಪದಲ್ಲಿ ಸಂತೆಗೆ ಹೋದ. ಅಲ್ಲಿ ಪಂಗಡದ ಹಿರಿಯ ಚಾಪೆ ಮಾರುವವನ ವೇಷದಲ್ಲಿ ಕೂತಿರುತ್ತಿದ್ದ. ಕೇತಯ್ಯ ನಡೆದದ್ದನ್ನೆಲ್ಲ ಹೇಳಿ, ಈ ಮನೆಯ ಋಣ ನನಗಿದೆಯೇ ಎಂದು ಕೇಳಿದ. ಹಿರಿಯ ಚಾಪೆಯ ಧೂಳು ಕೊಡವುತ್ತಲೇ ಕೇಳಿಸಿಕೊಂಡ.

“ಅವನು ಬಿಟ್ಟಿದ್ದು ಅವನ ಉಪ್ಪು. ನೀನು ತಿಂದೆಯಾ?”

“ಇಲ್ಲ.”

“ಮತ್ತೇನು ನಿನ್ನ ಗೋಳು?”

ಕೆಲಸ ಬಿಟ್ಟು ಬಂದವನನ್ನು ಹುಡುಕಿಕೊಂಡು ಇನ್ನೊಬ್ಬ ಸಪ್ಪೆಯವನು ಬರುತ್ತಾನೆ ಎಂಬುದನ್ನೂ ಹಿರಿಯ ಮೆಲ್ಲಗೆ ನೆನಪಿಸಿದ. ನೆನಪಿಸುವ ಅಗತ್ಯವಿರಲಿಲ್ಲ. ಕೇತಯ್ಯನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿಯಮ ಬಲ್ಲ ಹಿರಿಯನೇ ಋಣವಿಲ್ಲ ಎಂದ ಮೇಲೆ ಇಲ್ಲ. ಎಣ್ಣೆ ಕೊಂಡು ಘಟ್ಟ ಹತ್ತಿದ.

ಮರುದಿನ ನಾಯಕ ತನ್ನ ಪೇಟವನ್ನು ತಾನೇ ಸುತ್ತಿಕೊಂಡು ಮನೆಯೆಲ್ಲ ತಿರುಗಾಡಿದ. ಕೇತಯ್ಯನ ಕೈಗುಣಕ್ಕೆ ಭುಜ ಸಡಿಲವಾಗಿತ್ತು. ಊಟಕ್ಕೆ ಮುಂಚೆ ಎಂದಿನಂತೆ ಪೇಟ ತೆಗೆದಿಟ್ಟು ಹಲಗೆಯ ಮೇಲೆ ಬೋರಲು ಮಲಗಿದ. ಕೇತಯ್ಯ ಎಣ್ಣೆ ಹಚ್ಚಿದ. ನಾಯಕ ಎಂದಿನಂತೆಯೇ, ಇನ್ನೂ ಎಷ್ಟು ದಿನ ಮಾರಾಯ ನಿನ್ನ ಹರಕೆ ಎಂದು ಕೇಳಿದ.

“ಇವತ್ತಿಗೆ ತೀರುತ್ತದೆ, ಒಡೆಯಾ.”

ಮುದುಕ ಮಲಗಿದಲ್ಲಿಂದಲೇ ಅಡುಗೆಮನೆಗೆ ಕೂಗಿದ. “ಇವಳೇ, ಇವತ್ತು ಸಾರಿಗೆ ಉಪ್ಪು ಹಾಕು. ಕೇತಯ್ಯನ ಹರಕೆ ತೀರಿತು.”

ಒಳಗೆ ನಾಗಲವ್ವ ನಕ್ಕಿದ್ದು ಕೇಳಿಸಿತು. ನಾಯಕ ಕಣ್ಣು ಮುಚ್ಚಿ ಕುತ್ತಿಗೆ ಸಡಿಲ ಬಿಟ್ಟ. ಕೇತಯ್ಯ ಒತ್ತಿದ. ಸದ್ದಾಗಲಿಲ್ಲ, ಗಾಯವಾಗಲಿಲ್ಲ. ಒಳಗೆ ಒಗ್ಗರಣೆ ಚಟಪಟ ಎನ್ನುತ್ತಿತ್ತು.

ಆ ಸಾರನ್ನು ಯಾರೂ ಉಣ್ಣಲಿಲ್ಲ. ಹೆಣವಿರುವ ಮನೆಯ ಅಡುಗೆಯೆಂದು ಹೊರಗೆ ಚೆಲ್ಲಿದರು. ವಯಸ್ಸಾಗಿತ್ತು, ಒಳ್ಳೆಯ ಸಾವು, ಮಲಗಿದಲ್ಲೇ ಹೋದ ಎಂದು ಬಂದವರು ಹೇಳಿದರು. ಅನುಮಾನ ಬಾರದಿರಲಿ ಎಂದು ಕರ್ಮ ಮುಗಿಯುವವರೆಗೆ ಮನೆಯಲ್ಲೇ ಇರುವುದು ಸಪ್ಪೆಯವರ ರೂಢಿ. ಕೇತಯ್ಯನೂ ಇದ್ದ, ಹೆಣಕ್ಕೆ ಹೆಗಲೂ ಕೊಟ್ಟ. ಹಾಲುತುಪ್ಪದ ದಿನ ಮತ್ತೆ ಒಲೆ ಹೊತ್ತಿಸಿದರು. ನಾಗಲವ್ವ ತಾನೇ ಅವನಿಗೆ ಎಲೆ ಹಾಕಿದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

“ನಿನ್ನ ಹರಕೆ ತೀರಿತಲ್ಲಪ್ಪಾ. ಉಪ್ಪು ಹಾಕಿದ್ದೇನೆ, ಉಣ್ಣು. ಅವರು ಆಡಿದ ಕಡೆಯ ಮಾತು ಅದೇ.”

ನಿಯಮದ ಪ್ರಕಾರ ಅಡ್ಡಿಯಿರಲಿಲ್ಲ. ಕೆಲಸ ಮುಗಿದ ಮೇಲೆ ಉಣ್ಣಬಾರದು ಎಂದು ಯಾವ ಹಿರಿಯನೂ ಹೇಳಿರಲಿಲ್ಲ. ಕೇತಯ್ಯ ತುತ್ತು ಕಲಸಿದ. ಕೈ ಬಾಯಿಯವರೆಗೆ ಬರಲಿಲ್ಲ. ಯಾವ ಮನೆಯ ಯಜಮಾನನನ್ನು ಕೊಂದೆನೋ ಅವನ ಉಪ್ಪು ಇದು ಎಂಬ ಒಂದೇ ಮಾತು ತಲೆಯಲ್ಲಿ ತುಂಬಿಕೊಂಡಿತು. ಬಾಯಿ ತಾನಾಗಿ ಒಂದು ಸುಳ್ಳು ಹೇಳಿತು.

“ಹರಕೆ ಒಪ್ಪಿಸುವ ಮೊದಲೇ ಸೂತಕ ಬಂತು ತಾಯಿ. ಅದು ತೀರಿದ ಹಾಗಲ್ಲ.”

ನಾಗಲವ್ವನಿಗೆ ಅನುಮಾನ ಬರಲಿಲ್ಲ, ಮರುಕ ಬಂತು. ಎಲೆಯನ್ನು ತೆಗೆದಳು. ಸಾಲಿನಲ್ಲಿ ಕೂತ ಎಲ್ಲರ ಎಲೆಗಳನ್ನೂ ತೆಗೆಸಿದಳು.

“ಹಾಗಾದರೆ ಈ ಮನೆಗೂ ತೀರಿಲ್ಲ. ಅವರ ಮಾತು ನಾನು ಮುರಿಯಲಾರೆ. ತೀರಿದ ದಿನ ಬಂದು ಒಂದು ತುತ್ತು ಉಂಡು ಹೋಗಪ್ಪಾ.”

ಕೇತಯ್ಯ ಘಟ್ಟ ಇಳಿದ. ಪಂಗಡದಲ್ಲಿ ಅವನಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ಅವನೂ ಮರೆಯಲು ನೋಡಿದ. ಕೆಲವು ವರ್ಷಗಳಾದ ಮೇಲೆ ಎತ್ತಿನ ಮೇಲೆ ಸರಕು ಹೇರುವ ಒಬ್ಬ ವ್ಯಾಪಾರಿ ಮಾತಿನ ನಡುವೆ ಹೇಳಿದ. ಘಟ್ಟದ ಮೇಲೊಂದು ದೊಡ್ಡಮನೆಯಿದೆ, ದಾರಿಹೋಕರಿಗೆ ಊಟ ಹಾಕುತ್ತಾರೆ, ಬರೀ ಸಪ್ಪೆ, ಯಾರೋ ಮೈ ನೀವುವವನ ಹರಕೆ ತೀರಬೇಕಂತೆ, ಆ ಮುದುಕಿ ಕಾದುಕೊಂಡು ಕೂತಿದೆ, ಎಂಥ ಹುಚ್ಚು ನೋಡು ಎಂದು ನಕ್ಕ.

ಕೇತಯ್ಯ ಅಂದೇ ಹೊರಟ. ಘಟ್ಟದ ಬುಡದವರೆಗೆ ಹೋದ. ಮೇಲೆ ಒಲೆಯ ಹೊಗೆ ಕಾಣುತ್ತಿತ್ತು. ಹೋಗಿ ಒಂದು ತುತ್ತು ಉಂಡರೆ ಅವಳ ವ್ರತ ಮುಗಿಯುತ್ತದೆ. ಆ ತುತ್ತು ಇಳಿದರೆ ತಾನು ಉಂಡ ಮನೆಗೆ ಎರಡು ಬಗೆದವನಾಗುತ್ತಾನೆ. ಮಧ್ಯಾಹ್ನದವರೆಗೆ ಅಲ್ಲೇ ಒಂದು ಬಂಡೆಯ ಮೇಲೆ ಕೂತಿದ್ದು ಹಿಂದಕ್ಕೆ ಬಂದ.

ಬಂದವನು ಹಿರಿಯನ ಹತ್ತಿರ ಹೋಗಿ ಮತ್ತೆ ಅದನ್ನೇ ಕೇಳಿದ. ಹಿರಿಯ, ಅವಳು ಬಿಟ್ಟಿದ್ದು ಅವಳ ಉಪ್ಪು, ನಿನಗೇನು ಸಂಬಂಧ ಎಂದು ಬೈದು ಕಳಿಸಿದ. ಕೇತಯ್ಯನಿಗೆ ಅದು ಸಾಲಲಿಲ್ಲ. ಹೆಸರು ಮರೆಸಿ ಒಬ್ಬ ಶಾಸ್ತ್ರಿಯನ್ನು ಕೇಳಿದ. ಆತ ತಾಳೆಗರಿ ತೆಗೆಯದೆಯೇ ಋಣವಿಲ್ಲ ಎಂದ. ಒಬ್ಬ ಸನ್ಯಾಸಿಯನ್ನು ಕೇಳಿದ, ಒಬ್ಬ ನ್ಯಾಯ ಹೇಳುವ ಗೌಡನನ್ನು ಕೇಳಿದ. ನೀನು ಉಪ್ಪು ತಿಂದೆಯಾ ಎಂದರು. ಇಲ್ಲ ಎಂದ. ಹಾಗಾದರೆ ಇಲ್ಲ ಎಂದರು. ಪ್ರತಿಯೊಂದು ಸಲವೂ ಒಂದೆರಡು ದಿನ ಹಾಯಾಗಿರುತ್ತಿದ್ದ, ಮತ್ತೆ ಇನ್ನೊಬ್ಬನನ್ನು ಹುಡುಕಿಕೊಂಡು ಹೊರಡುತ್ತಿದ್ದ. ಅವನ ಬೆರಳಿಗೆ ನಡುಕ ಬಂತು. ಹುಚ್ಚನೆಂದು ಪಂಗಡ ಅವನನ್ನು ಬಿಟ್ಟಿತು, ಕೊಲ್ಲುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕಡೆಗೆ ಒಂದು ಧರ್ಮಛತ್ರದಲ್ಲಿ ಸತ್ತ. ಬಾಯಿಗೆ ನೀರು ಬಿಟ್ಟ ಯಾರೋ ಅಪರಿಚಿತನನ್ನೂ ಅದನ್ನೇ ಕೇಳಿದನಂತೆ. ಪಾಪ, ಅವನೂ ಸಾಯುವವನ ಸಮಾಧಾನಕ್ಕೆ ಇಲ್ಲಪ್ಪ ಎಂದನಂತೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಮುಂದಿನ ಮಾತಿಗೆ ಕಾದ. ಗುರುಗಳು ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

“ನಿಯಮ ತಪ್ಪಿರಲಿಲ್ಲ. ಕೇಳಿದವರೆಲ್ಲ ಋಣವಿಲ್ಲ ಎಂದರು. ಹಾಗಾದರೆ ಅವನಿಗೆ ಋಣವಿತ್ತೋ ಇಲ್ಲವೋ, ಗುರುಗಳೇ?”

“ಋಣವಿಲ್ಲದವನು ಅದನ್ನು ಇನ್ನೊಬ್ಬರ ಬಾಯಿಂದ ಕೇಳಲು ಬರುವುದಿಲ್ಲ, ಮರುಳಯ್ಯ.”