ಮಡಿಯಲ್ಲಿ ಬಿಚ್ಚಿದ ಲ್ಯಾಪ್‌ಟಾಪ್

ಗುರುಗಳು ಹೇಳುತ್ತಾ ಹೋಗುವುದು, ಶಿಷ್ಯ ಶ್ರೀಕರ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾ ಹೋಗುವುದು. ಹೊಳೆದಡದ ಆ ಆಶ್ರಮದಲ್ಲಿ ಉಪನಿಷತ್ತಿನ ವ್ಯಾಖ್ಯಾನ ಹೀಗೆ ಮೂರು ವರ್ಷ ನಡೆದಿತ್ತು. ಎಂಬತ್ತೆರಡರ ಗುರುಗಳಿಗೆ ಈಗ ಉಸಿರು ಸಾಲದು. ಮತ್ತೆ ಮೊದಲಿಂದ ಹೇಳುವ ಮಾತೇ ಇಲ್ಲ.

ಲ್ಯಾಪ್‌ಟಾಪು ಮಾತ್ರ ಆಮೆ. ಒಂದು ಪುಟ ತೆರೆಯುವಷ್ಟರಲ್ಲಿ ಶ್ರೀಕರನ ಜೀವ ಬಾಯಿಗೆ ಬರುತ್ತಿತ್ತು.

"ಹೊಸ ರ‍್ಯಾಮ್ ಹಾಕಿದ್ರೆ ಓಡುತ್ತೆ. ತನ್ನಿ ಸ್ವಾಮಿ, ಹತ್ತು ನಿಮಿಷದ ಕೆಲಸ," ಎಂದ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರ.

"ಅದರೊಳಗೆ ಗುರುಗಳ ವಾಕ್ಯ ಇದೆ. ಕಂಡಕಂಡವರು ಮುಟ್ಟೋ ಹಾಗಿಲ್ಲ," ಎಂದು ಶ್ರೀಕರ ರ‍್ಯಾಮ್ ಮಾತ್ರ ಕೊಂಡು ಬಂದ.

ಮರುದಿನ ಬೆಳಿಗ್ಗೆ ಮಾಘದ ಒಣ ಚಳಿ. ಮಿಂದ, ಮಡಿಗೆಂದು ಉಣ್ಣೆಯ ಧಾಬಳಿ ಉಟ್ಟ, ನೆಲ ಸೋಕದಂತೆ ಮಣೆಯ ಮೇಲೆ ಕೂತ. ಬರೆದದ್ದಕ್ಕೆ ಇನ್ನೊಂದು ಪ್ರತಿ ಇಟ್ಟುಕೊಳ್ಳುವಷ್ಟು ತಾಳ್ಮೆ ಆ ಅವಸರಗೇಡಿಗೆ ಎಲ್ಲಿಯದು! ತಿರುಪು ಬಿಚ್ಚಿ ಒಳಗೆ ಬೆರಳಿಟ್ಟ.

ಚಟ್ ಅಂತ ಕಿಡಿ ಹಾರಿತು.

ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಶ್ರೀಕರ ಅಂಗಳಕ್ಕೆ ಹೋದ, ಒಳಗೆ ಬಂದ, ಹೊಳೆಗೆ ಹೋದ, ಮತ್ತೆ ಬಂದ.

"ಏನೋ, ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗ್ತಿದ್ದೀಯ?" ಗುರುಗಳು ಕೇಳಿದರು.

ಶ್ರೀಕರ ಎಲ್ಲ ಹೇಳಿದ. ದಸ್ತಗೀರನಿಗೆ ಅಂದಿದ್ದ ಆ ‘ಕಂಡಕಂಡವರ’ ಮಾತನ್ನೂ ಮುಚ್ಚಿಡಲಿಲ್ಲ.

"ಹೋಗು, ದಸ್ತಗೀರನನ್ನ ಕರ್ಕೊಂಡು ಬಾ."

ದಸ್ತಗೀರ ಬಂದು ನೋಡಿದ.

"ಏನು ಉಟ್ಟಿದ್ರಿ ಸ್ವಾಮಿ?"

"ಉಣ್ಣೆ. ಕೂತಿದ್ದು ಮಣೆ ಮೇಲೆ. ಸ್ನಾನ ಆದಮೇಲೆ ಯಾರನ್ನೂ ಮುಟ್ಟಿಲ್ಲ, ಏನನ್ನೂ ಮುಟ್ಟಿಲ್ಲ."

"ಅಯ್ಯೋ, ಅದಕ್ಕೇ ಆಗಿದ್ದು! ಒಣ ಚಳೀಲಿ ಉಣ್ಣೆ ಮೈಗೆ ಉಜ್ಜಿದ್ರೆ ಕರೆಂಟು ಹುಟ್ಟುತ್ತೆ, ಏನನ್ನೂ ತಾಗದೆ ದೂರ ದೂರ ಇದ್ರೆ ಅದು ಮೈಯಲ್ಲೇ ಸೇರ್ಕೊಳ್ಳುತ್ತೆ. ಆಮೇಲೆ ಮುಟ್ಟಿದ್ದು ಸುಡುತ್ತೆ. ನಾವು ಮೊದಲು ನೆಲಕ್ಕೆ ತಾಗಿರೋ ಕಬ್ಬಿಣ ಮುಟ್ತೀವಿ, ಆಮೇಲೆ ಇದನ್ನ."

"ಬರೆದದ್ದು ಸಿಗುತ್ತಾ ಅಣ್ಣಾ?"

"ಬೋರ್ಡಂತೂ ಹೋಗಿದೆ. ಬರೆದದ್ದು ಉಳಿದಿದ್ರೂ ಉಳಿದಿರಬಹುದು. ಅಂಗಡೀಲಿ ಬಿಚ್ಚಿ ನೋಡದೆ ಹೇಳೋಕಾಗಲ್ಲ."

ಅವನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹೊರಟ. ಶ್ರೀಕರ ಬಾಗಿಲ ತನಕ ಅವನ ಹಿಂದೆಯೇ ಓಡಿದ, ಮತ್ತೆ ಬಂದು ಗುರುಗಳ ಮುಂದೆ ಕುಸಿದ.

"ಅದು ಸಿಗದಿದ್ರೆ ನಾನೇನು ಮಾಡಲಿ? ನಿಮ್ಮ ಮೂರು ವರ್ಷದ ಮಾತನ್ನ ಸುಟ್ಟುಬಿಟ್ಟೆ ಗುರುಗಳೇ!"

ಗುರುಗಳು ಕೆಮ್ಮು ಬರುವ ತನಕ ನಕ್ಕರು.

"ತಾಗದೆ ದೂರ ಇದ್ರೆ ಮುಟ್ಟಿದ್ದೆಲ್ಲ ಸುಡುತ್ತೆ ಅಂದನಲ್ಲ ದಸ್ತಗೀರ? ಮೂರು ವರ್ಷ ನಾನು ಹೇಳಿದ್ದೂ ಅದನ್ನೇ ಕಣೋ. ನೀನು ಟೈಪ್ ಮಾಡ್ತಾ ಇದ್ದೆ."