ಜಡೆಗಾರೆ ದಿಣ್ಣೆಯಲ್ಲಿ ಗಂಟೆಯೇಕಿಲ್ಲ

ದನಗಳಷ್ಟೇ ಸಂಖ್ಯೆಯಲ್ಲಿ ಋಷಿಗಳೂ ಬಯಲಲ್ಲಿ ಸಂಚರಿಸುತ್ತಿದ್ದ ಪುರಾತನ ಯುಗದಲ್ಲಿ, ಸಕಲಶಾಸ್ತ್ರಪಾರಂಗತರೂ ಉಗ್ರತಪೋನಿಷ್ಠರೂ, ಆದರೆ ಅಂಗಾಲು ಮಾತ್ರ ಬೆಣ್ಣೆಯಂತಿದ್ದವರೂ ಆದ ಮೃದುಪಾದ ಮಹರ್ಷಿಗಳು ಈ ಊರೊಟ್ಟಿನ ಗೋಮಾಳಕ್ಕೆ ಪಾದ ಬೆಳೆಸಿದರು. ಮೊದಲ ಹೆಜ್ಜೆಯಲ್ಲೇ ಕಾರೆಮುಳ್ಳು ನೆಟ್ಟಿತು. ಶಿವಶಿವಾ! ಪಂಚಾಗ್ನಿಮಧ್ಯದಲ್ಲಿ ಹನ್ನೆರಡು ವರ್ಷ ಕದಲದೆ ನಿಂತಿದ್ದ ಆ ಮಹಾನುಭಾವರು ಒಂಟಿಕಾಲಲ್ಲಿ ಕುಣಿದುಬಿಟ್ಟರು.

ಕೋಪ ಇಳಿಯುವ ಮೊದಲೇ ಅಪ್ಪಣೆಯಾಯಿತು: ಗೋಮಾಳದ ಕಾರೆ, ಕವಳೆ, ಎಲಚಿ, ತಂಗಡಿ ಪೊದೆಗಳೆಲ್ಲ ನಿರ್ಮೂಲವಾಗತಕ್ಕದ್ದು, ಆಗ ಮೊಳಕಾಲುದ್ದ ಹುಲ್ಲು ಬೆಳೆದು ಗೋಸಂಕುಲ ಸುಖಿಸುವುದು. ಹುಲ್ಲಿನಾಸೆಯವರು ಆಗಲಿ ಎಂದರು, ಆಡು ಸಾಕಿದವರು ಕೂಡದು ಎಂದರು. ಊರು ಎರಡಾಗಿ, ಬೀಗರು ಬೀಗರ ಮನೆಯಲ್ಲಿ ನೀರು ಮುಟ್ಟದಾದರು. ಕಡೆಗೆ ಶಾಪಭಯವೇ ಗೆದ್ದು, ಊರಿಗೆ ಊರೇ ಕೊಡಲಿ ಹಿಡಿಯಿತು.

ಹಿಡಿಯದೆ ಉಳಿದವಳು ಚಿತ್ತವ್ವ ಎಂಬ ಗೊಲ್ಲಗಿತ್ತಿ ಒಬ್ಬಳೇ. ಅವಳ ಸರ್ವಸ್ವವೆಂದರೆ ಕೆಂದಿ ಎಂಬ ತುಂಬುಗಬ್ಬದ ಹಸು. ಈ ಬಯಲಿನ ಹಸುಗಳದು ಒಂದು ಪದ್ಧತಿ: ಈದ ಕರುವನ್ನು ತೋಳನ ಕಣ್ಣಿಗೆ ಬೀಳದಂತೆ ಮೂರು ದಿನ ಪೊದೆಯಲ್ಲಿ ಬಚ್ಚಿಟ್ಟು, ತಾವು ಏನೂ ಅರಿಯದವರಂತೆ ದೂರದಲ್ಲಿ ಮೇಯುತ್ತವೆ.

“ಸ್ವಾಮೀ, ನಿಮ್ಮ ಕಾಲಿಗೊಂದು ಜೊತೆ ಎಕ್ಕಡ ಮಾಡಿಸಿದ್ರೆ ಆಗ್ತಿತ್ತಲ್ಲ! ನನ್ನ ಕೆಂದಿ ಕರಾನ ಎಲ್ಲಿ ಬಚ್ಚಿಡ್ಲಿ?” ಎಂದು ಚಿತ್ತವ್ವ ಗೋಗರೆದಳು. ಮಹರ್ಷಿಗಳು ನುಣ್ಣಗಾದ ಬಯಲ ನಡುವಣ ದಿಣ್ಣೆಯ ಮೇಲೆ, ನೆಲ ಮುಟ್ಟುವ ಜಡೆಗಡ್ಡಗಳನ್ನು ಹರವಿಕೊಂಡು ಸಮಾಧಿಸ್ಥರಾದರು.

ಮೊಳಕಾಲುದ್ದದ ಹುಲ್ಲೋ, ನೆರಳಿಲ್ಲದೆ ಸುಟ್ಟು ಕರಕಲಾಯಿತು. ಕೆಂದಿ ಈಯಿತು. ಕರು ಮಾತ್ರ ಎಲ್ಲೂ ಕಾಣದೆ ಚಿತ್ತವ್ವ ಎದೆ ಬಡಿದುಕೊಂಡು ಬಯಲೆಲ್ಲ ಅಲೆದಳು.

ಇತ್ತ ಮಡಿಲು ಬೆಚ್ಚಗಾದಂತಾಗಿ ಮುನಿಗಳು ಕಣ್ಣು ತೆರೆದರೆ, ಇಡೀ ಗೋಮಾಳದಲ್ಲಿ ಪೊದೆಯಂತೆ ಉಳಿದಿದ್ದ ಏಕೈಕ ವಸ್ತುವಾದ ಅವರ ಗಡ್ಡದೊಳಗೆ ಕರು ನಿದ್ದೆಹೋಗಿತ್ತು. ಹತ್ತು ಮಾರು ದೂರದಲ್ಲಿ ತೋಳ ಮೂಗರಳಿಸಿ ನಿಂತಿತ್ತು. ಎದ್ದು ಓಡಿದರೆ ತಾವು ಬದುಕುತ್ತಾರೆ, ಕರು ಹೋಗುತ್ತದೆ. ಅವರು ಏಳಲಿಲ್ಲ. ಜಡೆಯನ್ನು ಇನ್ನಷ್ಟು ಹರವಿ, ಕರುವನ್ನು ಅವಚಿಕೊಂಡು, ತಮಗೂ ನಾಲ್ಕು ಮುಳ್ಳಿರಬಾರದಿತ್ತೇ ಎಂದು ಮರುಗಿದರು.

ಆಗ ಅಶರೀರವಾಣಿಯಾಯಿತು: “ಎಲೈ ಮೃದುಪಾದನೇ, ಚುಚ್ಚಿದ ಮುಳ್ಳನ್ನು ಕಂಡೆ, ಅದು ಕಾಯುತ್ತಿದ್ದುದನ್ನು ಕಾಣದೆ ಹೋದೆ. ಈಗ ಕಂಡೆಯಾ? ತಥಾಸ್ತು!”

ಒಡನೆಯೇ ಜಡೆಜಡೆಗೂ ಕಾರೆಮುಳ್ಳು ಮೂಡಿ, ಎಳೆಎಳೆಯೂ ನೆಲಕ್ಕೆ ಬೇರಿಳಿಸಿತು. ಮೇಲೆರಗಿದ ತೋಳ ಮೂತಿಗೆ ಚುಚ್ಚಿಸಿಕೊಂಡು ಕುಂಯ್‌ಗುಡುತ್ತ ಪರಾರಿಯಾಯಿತು.

ಸದ್ದು ಕೇಳಿ ಓಡಿಬಂದ ಚಿತ್ತವ್ವ, ಮುಳ್ಳುಪೊದೆಯಲ್ಲಿ ಸಿಕ್ಕಿಬಿದ್ದ ಮುನಿಗಳನ್ನು ಕಂಡು ಅಯ್ಯೋ ಪಾಪವೆಂದು, ಯಾರೋ ಬಿಟ್ಟುಹೋಗಿದ್ದ ಕೊಡಲಿಯನ್ನೆತ್ತಿ ಬಿಡಿಸಹೋದಳು. ಮಹರ್ಷಿಗಳು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: “ಕಡಿಯಬೇಡ ತಾಯಿ, ಕರು ಮಲಗಿದೆ.”

ಅವರು ಇನ್ನೂ ಎದ್ದಿಲ್ಲ. ದಿಣ್ಣೆಯ ಮೇಲೆ ಪದ್ಮಾಸನದಲ್ಲಿ ಕುಳಿತಂತಿರುವ ಬಂಡೆಯೇ ಅವರು. ಅದನ್ನು ಮುಚ್ಚಿರುವ ಕಾರೆಯೇ ಅವರ ಜಡೆ. ಭಕ್ತಾದಿಗಳು ಕುಡುಗೋಲು ಕೊಡಲಿಗಳನ್ನು ಕೆಳಗೇ ಇಟ್ಟು, ಬರಿಗಾಲಲ್ಲಿ ನೋಡಿಕೊಂಡು ಹತ್ತತಕ್ಕದ್ದು. ಮುಳ್ಳು ನೆಟ್ಟರೆ ಅದೇ ಪ್ರಸಾದ; ಕಿರುಚಕೂಡದು. ಹರಕೆಯ ಗಂಟೆ ತಂದವರನ್ನೆಲ್ಲ ಅರ್ಚಕರು ಕೈಮುಗಿದು ಹಿಂದೆ ಕಳಿಸುತ್ತಾರೆ. ಒಳಗೆ ಕರು ಮಲಗಿದೆ.