ಕಾಜಾಣದ ಸಂಬಳ

ಕೆರೆಗೆ ಇಳಿಯುವ ಇಕ್ಕಟ್ಟಾದ ಎರಡು ದಾರಿಗಳಲ್ಲಿ ಪ್ರಾಣಿಗಳ ಓಡಾಟ ನೋಡಿಕೊಳ್ಳಲು ಆನೆ ಎರಡು ಹಕ್ಕಿಗಳನ್ನು ನೇಮಿಸಿತ್ತು. ಮೂಡಣ ದಾರಿಗೆ ಕಾಜಾಣ, ಪಡುವಣ ದಾರಿಗೆ ನವಿಲು. ಸಂಬಳದ ದಿನ ಕಾಜಾಣ ತಡೆಯಲಾರದೆ ಕೇಳಿತು:

“ಒಡೆಯಾ, ಎರಡು ದಾರಿಗೂ ಬರುವ ಪ್ರಾಣಿಗಳ ಲೆಕ್ಕ ಒಂದೇ. ನವಿಲಿಗೆ ನಲವತ್ತು ಮಿಡತೆ, ನನಗೆ ಮಾತ್ರ ಹತ್ತು ಏಕೆ?”

“ನವಿಲಿನ ದಾರಿಯಲ್ಲಿ ದಿನಾ ನೂಕುನುಗ್ಗಲು. ಪಾಪ, ಕೂಗಿ ಕೂಗಿ ಅದರ ಗಂಟಲು ಕಟ್ಟಿಹೋಗಿದೆ. ನಿನ್ನ ದಾರಿಯಲ್ಲಿ ಏನೂ ಆಗುವುದೇ ಇಲ್ಲವಲ್ಲ.”

“ಏನೂ ಆಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಹತ್ತುವವರು ಮುಗಿಯುವ ತನಕ ಇಳಿಯುವವರನ್ನು ಮೇಲೆಯೇ ನಿಲ್ಲಿಸುತ್ತೇನೆ.”

“ಇರಬಹುದು. ನನಗಂತೂ ಕಂಡಿಲ್ಲ.”

ಇನ್ನೆಷ್ಟು ಹೇಳಿದರೂ ಅಷ್ಟೇ ಎಂದುಕೊಂಡ ಕಾಜಾಣ ಮರುದಿನ ಕೊಂಬೆಯ ಮೇಲೆ ಕೊಕ್ಕು ಮುಚ್ಚಿ ಕೂತಿತು. ಹತ್ತುವ ಹಂದಿಗಳಿಗೆ ಇಳಿಯುವ ಕಾಟಿಗಳು ಎದುರಾದವು. ನಡುವೆ ಸಿಕ್ಕಿಬಿದ್ದ ಆನೆ, ನೀರು ಕಣ್ಣೆದುರಿಗೇ ಇದ್ದರೂ, ಮಧ್ಯಾಹ್ನವಿಡೀ ಬಾಯಾರಿ ನಿಂತಿತು. ಬಿಸಿಲು ಇಳಿದ ಮೇಲೆ ಕಾಜಾಣ ಎರಡು ಸಲ ಕೂಗಿ, ಕಾಟಿಗಳನ್ನು ಹಿಂದೆ ಸರಿಸಿ, ಹಂದಿಗಳನ್ನು ಹತ್ತಿಸಿ ದಾರಿ ಬಿಡಿಸಿತು.

ಹೊಟ್ಟೆ ತುಂಬ ನೀರು ಕುಡಿದ ಆನೆ ಕಾಜಾಣವನ್ನು ಕರೆದು ಹೇಳಿತು: “ನಾಳೆಯಿಂದ ನಿನಗೂ ನಲವತ್ತು. ನೀನು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಇವತ್ತೇ ಮೊದಲು.”